ಹರಿದ ಕ್ಯೂಆರ್ ಸ್ಟಿಕ್ಕರ್ ಕೂಡ ಸ್ಕ್ಯಾನ್ ಆಗೋದು ಹೇಗೆ? ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಯಲ್ಲಿ ಐದು ವರ್ಷ ಮಾಡೋದಾದ್ರೂ ಏನು?

ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್ ಒಮ್ಮೆ ಸರಿಯಾಗಿ ನೋಡಿ. ಅಂಟಿಸಿ ವರ್ಷ ಕಳೆದಿರುತ್ತೆ. ಒಂದು ಬದಿ ಬೆಲ್ಲದ ಜಿಗುಟಿಗೆ ಕಪ್ಪಾಗಿದೆ, ನಡುವೆ ಯಾರದೋ ಮಗು ಪೆನ್ನಿನಲ್ಲಿ ಗೀಚಿದೆ, ಬಿಸಿಲಿಗೆ ಒಂದಷ್ಟು ಭಾಗ ಮಾಸಿದೆ. ಆದ್ರೂ ಗಿರಾಕಿ ಮೊಬೈಲ್ ಹಿಡಿದ ಕೂಡಲೇ ಅಂಗಡಿ ಹೆಸರು ಬರುತ್ತೆ, ಪಕ್ಕದ ಡಬ್ಬಿ ದುಡ್ಡು ಬಂತು ಅಂತ ಕೂಗುತ್ತೆ. ಚೆಕ್ಕಿನಲ್ಲಿ ಒಂದಂಕಿ ತಿದ್ದಿದ್ರೆ ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಮೊಬೈಲ್ ನಂಬರಿನಲ್ಲಿ ಒಂದಂಕಿ ಅಳಿಸಿಹೋದ್ರೆ ಫೋನ್ ಇನ್ಯಾರಿಗೋ ಹೋಗುತ್ತೆ. ಮಾಸಿದ ಕ್ಯೂಆರ್ ಮಾತ್ರ ಹೇಗೆ ಓಡುತ್ತೆ?

ಈ ಪ್ರಶ್ನೆಗೂ, ಊರಲ್ಲಿ ಈಗೀಗ ಕೇಳಿಬರುವ ಇನ್ನೊಂದು ಪ್ರಶ್ನೆಗೂ ನಂಟಿದೆ. ಬಿಇ ಅಥವಾ ಎಂಸಿಎ ಮುಗಿಸಿದ ಮಗಳು ಕೆಲಸಕ್ಕೆ ಸೇರೋದು ಬಿಟ್ಟು, "ಅಪ್ಪಾ, ಪಿಎಚ್‌ಡಿ ಮಾಡ್ತೀನಿ" ಅಂತಾಳೆ. ಎರಡು ವರ್ಷ ಕಳೆಯುತ್ತೆ, ಮೂರಾಗುತ್ತೆ. ಅಂಗಡಿಗೆ ಬಂದವರು ಕೇಳೋಕೆ ಶುರು ಮಾಡ್ತಾರೆ: "ಏನ್ ಸಾವ್ಕಾರ್ರೇ, ಮಗಳು ಇನ್ನೂ ಓದ್ತಾನೇ ಇದ್ದಾಳಾ?" ಅಪ್ಪನಿಗೂ ಏನು ಹೇಳಬೇಕೋ ಗೊತ್ತಾಗಲ್ಲ. ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ, ಮುಗಿಯೋ ತಾರೀಕೂ ಇಲ್ಲ. ಇದು ಯಾವ ಸೀಮೆ ಓದು?

ನಿಜ ಹೇಳಬೇಕಂದ್ರೆ ಅದು ಓದೇ ಅಲ್ಲ. ಅದು ಕೆಲಸ. ಯಾವ ಥರದ ಕೆಲಸ ಅನ್ನೋದು ಆ ಸ್ಟಿಕ್ಕರಿನಲ್ಲೇ ಇದೆ.

ಐದಂಕಿ ಲೆಕ್ಕ

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ. ಕಾರ್ಖಾನೆಯಲ್ಲಿ ಗ್ರೀಸ್, ಧೂಳು ಮೆತ್ತಿಕೊಳ್ಳೋದು ಗ್ಯಾರಂಟಿ. ಅದಕ್ಕೇ ಸ್ವಲ್ಪ ಹಾಳಾದ್ರೂ ಓದೋಕೆ ಬರುವಂತೆ ಮಾಡಿದ್ರು. ಕ್ಯೂಆರ್‌ನಲ್ಲಿ ನಾಲ್ಕು ಮಟ್ಟ ಇವೆ. ಅತಿ ಕಡಿಮೆ ಮಟ್ಟದಲ್ಲಿ ಸುಮಾರು 7%, ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು 30% ಹಾಳಾದ್ರೂ ಮಾಹಿತಿ ವಾಪಸ್ ಸಿಗುತ್ತೆ. ಮೂರು ಮೂಲೆಯ ದೊಡ್ಡ ಚೌಕಗಳು ಕಿತ್ತುಹೋದ್ರೆ ಮಾತ್ರ ಕಷ್ಟ. ಇದು ಕ್ಯೂಆರ್ ಅಂತ ಮೊಬೈಲಿಗೆ ಗೊತ್ತಾಗೋದೇ ಅವುಗಳಿಂದ.

ಹಾಳಾದದ್ದನ್ನ ಸರಿ ಮಾಡುವ ಗಣಿತ ಮಾತ್ರ ಜಪಾನಿನದಲ್ಲ, 1994ರದ್ದೂ ಅಲ್ಲ. ಅಮೆರಿಕದ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿದ್ದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಬರೆದ ಐದೇ ಐದು ಪುಟಗಳ ಲೇಖನ ಅದು. ಇಬ್ಬರೂ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು.

ಅವರ ಉಪಾಯ ಅರ್ಥ ಆಗೋಕೆ ಗಣಿತದ ಪದವಿ ಬೇಡ, ಅಂಗಡಿ ಲೆಕ್ಕ ಸಾಕು. ಪಟ್ಟಣದ ಹೋಲ್‌ಸೇಲ್ ಅಂಗಡಿಯವರು ಎರಡು ಅಂಕಿ ತಿಳಿಸಬೇಕು ಅಂದುಕೊಳ್ಳಿ. ಸಾಗಾಣಿಕೆ ಬಾಡಿಗೆ 3 ರೂಪಾಯಿ, ಪೊಟ್ಟಣದ ದರ 2 ರೂಪಾಯಿ. ಬರೀ "3, 2" ಅಂತ ಚೀಟಿ ಬರೆದು ಕಳಿಸಿದ್ರೆ, ದಾರಿಯಲ್ಲಿ ಒಂದಂಕಿ ಮಸುಕಾದ್ರೆ ಮುಗೀತು. ಅದರ ಬದಲು ಅವರು ಒಟ್ಟು ಮೊತ್ತಗಳನ್ನೇ ಬರೆದು ಕಳಿಸ್ತಾರೆ. ಒಂದು ಪೊಟ್ಟಣಕ್ಕೆ 5, ಎರಡಕ್ಕೆ 7, ಮೂರಕ್ಕೆ 9, ನಾಲ್ಕಕ್ಕೆ 11, ಐದಕ್ಕೆ 13.

ಈಗ ಚೀಟಿ ನೆಂದು, ಮೂರನೇ ಅಂಕಿ 6 ಅಂತ ಕಾಣ್ತಾ ಇದೆ: 5, 7, 6, 11, 13. ಲೆಕ್ಕ ಗೊತ್ತಿದ್ದ ಅಂಗಡಿಯವರು ನೋಡಿದ ಕೂಡಲೇ ಹೇಳ್ತಾರೆ, "ಎರಡೆರಡು ಏರ್ತಾ ಹೋಗ್ತಿದೆ, ನಡುವೆ 6 ಬರೋಕೆ ಸಾಧ್ಯವೇ ಇಲ್ಲ, ಅದು 9." ನಾಲ್ಕು ಅಂಕಿ ಒಂದೇ ಮಾತು ಹೇಳ್ತಿವೆ, ಒಂದು ಮಾತ್ರ ಬೇರೆ ಹೇಳ್ತಿದೆ. ಬೇಕಾಗಿದ್ದು ಎರಡೇ ಅಂಕಿ. ಉಳಿದ ಮೂರು ವಿಮೆ ಇದ್ದ ಹಾಗೆ. ಕ್ಯೂಆರ್ ಒಳಗೆ ನಡೆಯೋದು ಇದರದ್ದೇ ದೊಡ್ಡ ರೂಪ. ಅಲ್ಲಿ ಸರಳ ರೇಖೆಯ ಬದಲು ಬಾಗಿದ ರೇಖೆಗಳು, ಅಂಕಿಗಳ ಕೂಡು ಕಳೆಯುವ ರೀತಿಯೂ ಬೇರೆ. ತತ್ವ ಇಷ್ಟೇ.

ಆ ಐದು ಪುಟ ಬಂದಾಗ ಅದನ್ನ ಬಳಸಬಲ್ಲ ವೇಗದ ಯಂತ್ರಗಳೇ ಇರಲಿಲ್ಲ. ತಪ್ಪನ್ನ ಬೇಗ ಹುಡುಕುವ ಒಳ್ಳೇ ವಿಧಾನ 1960ರ ದಶಕದ ಕೊನೆಯಲ್ಲಿ ಬಂತು. 1982ರಲ್ಲಿ ಬಂದ ಹಾಡಿನ ಸಿಡಿ ಗೀರು ಬಿದ್ರೂ ಹಾಡ್ತಿದ್ದದ್ದು ಇದರಿಂದಲೇ. 1994ಕ್ಕೆ ಕ್ಯೂಆರ್, 2016ಕ್ಕೆ ಯುಪಿಐ. ಕಾಗದದ ಮೇಲೆ ಹುಟ್ಟಿದ ಉಪಾಯ ತಾಲೂಕಿನ ಕಿರಾಣಿ ಅಂಗಡಿ ಮುಟ್ಟೋಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡೀತು. ಸಂಶೋಧನೆಯಿಂದ ಏನು ಲಾಭ ಅಂತ ಆರೇ ತಿಂಗಳಿಗೆ ಕೇಳೋದು ತೆಂಗಿನ ಸಸಿ ನೆಟ್ಟು ಮಾರನೇ ದಿನ ಎಳನೀರು ಕೇಳಿದ ಹಾಗೆ.

ಒಬ್ಬ ಹುಡುಗನ ನಾಲ್ಕು ವರ್ಷ

ಇನ್ನು ಪಿಎಚ್‌ಡಿ ವಿಷಯಕ್ಕೆ ಬರೋಣ. ಅದೇ ಚೀಟಿಯಲ್ಲಿ ಒಂದರ ಬದಲು ಎರಡು ಅಂಕಿ ಕೆಟ್ಟಿವೆ ಅಂದುಕೊಳ್ಳಿ. ಈಗ ಕಾಣ್ತಿರೋದು 5, 7, 9, 17, 21. ಮೊದಲ ಮೂರನ್ನ ನಂಬಿದ್ರೆ ಬಾಡಿಗೆ 3, ದರ 2. ಸರಿ, ಆದರೆ ಮೊದಲನೇದು, ನಾಲ್ಕನೇದು, ಐದನೇದು ತಗೊಂಡು ನೋಡಿ: ಬಾಡಿಗೆ 1, ದರ 4 ಅಂದ್ರೂ 5, 17, 21 ಕರಾರುವಾಕ್ಕಾಗಿ ಕೂರುತ್ತೆ. ಎರಡೂ ಕಡೆ ಮೂರ್ಮೂರು ಸಾಕ್ಷಿ. ಯಾವುದು ಸತ್ಯ?

ಹಳೇ ವಿಧಾನಗಳು ಇಲ್ಲಿ ಕೈಚೆಲ್ಲುತ್ತಿದ್ದವು. 1950ರ ದಶಕದ ಕೊನೆಯಲ್ಲೇ ಪೀಟರ್ ಇಲಿಯಾಸ್ ಮತ್ತು ಜಾನ್ ವೋಜೆನ್‌ಕ್ರಾಫ್ಟ್ ಎಂಬ ಇಬ್ಬರು ಬೇರೆ ದಾರಿ ಸೂಚಿಸಿದ್ದರು. ಒಂದೇ ಉತ್ತರ ಸಿಗದಿದ್ರೆ ಸಿಗುವಷ್ಟನ್ನ ಪಟ್ಟಿ ಮಾಡಿ ಕೊಡಿ, ಪಟ್ಟಿ ಚಿಕ್ಕದಾಗಿದ್ರೆ ಸಾಕು ಅನ್ನೋದು ಅವರ ಮಾತು. ಅಂಗಡಿಯವರಿಗೂ ಇದು ಒಪ್ಪುವ ಮಾತೇ. "3-2 ಇರಬೇಕು ಇಲ್ಲಾ 1-4 ಇರಬೇಕು" ಅಂತ ಗೊತ್ತಾದ್ರೆ ಹೋದ ವಾರದ ಬಿಲ್ ತೆಗೆದು ನೋಡಿ ತೀರ್ಮಾನಿಸಬಹುದು. ತೊಂದರೆ ಇದ್ದದ್ದು ಬೇರೆ ಕಡೆ. ಚೀಟಿಯಲ್ಲಿ ಐದಂಕಿ ಇದ್ರೆ ಕೈಲೆಕ್ಕ ಆದೀತು. ಸಾವಿರಾರು ಅಂಕಿ ಇದ್ರೆ ಯಾವ ಗುಂಪು ಒಂದೇ ಮಾತು ಹೇಳ್ತಿದೆ ಅಂತ ಎಲ್ಲ ಗುಂಪನ್ನೂ ಪರೀಕ್ಷಿಸುತ್ತ ಕೂತರೆ ಕಂಪ್ಯೂಟರಿಗೂ ಯುಗಗಳು ಬೇಕು. ರೀಡ್-ಸಾಲೊಮನ್ ಕೋಡಿಗೆ ಬೇಗ ಪಟ್ಟಿ ಮಾಡುವ ವಿಧಾನ ಸುಮಾರು ನಲವತ್ತು ವರ್ಷ ಸಿಕ್ಕಿರಲಿಲ್ಲ.

1997ರಲ್ಲಿ ದಾರಿ ತೆರೆದವರು ದೆಹಲಿ ಐಐಟಿಯಲ್ಲಿ ಬಿಟೆಕ್ ಓದಿ, ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡಿದ್ದ ಮಧು ಸುಡಾನ್. ಅವರ ವಿಧಾನ ಕೆಲಸ ಮಾಡ್ತಿದ್ದದ್ದು ಚೀಟಿಯಲ್ಲಿ ವಿಮೆಯ ಅಂಕಿಗಳು ತುಂಬಾ ಜಾಸ್ತಿ ಇದ್ದಾಗ ಮಾತ್ರ. ಅದೇ 1997ರಲ್ಲಿ ಮದ್ರಾಸ್ ಐಐಟಿಯಿಂದ ಬಿಟೆಕ್ ಮುಗಿಸಿದ ವೆಂಕಟೇಶನ್ ಗುರುಸ್ವಾಮಿ ಎಂಐಟಿಗೆ ಹೋಗಿ ಸುಡಾನ್ ಅವರ ಬಳಿಯೇ ಪಿಎಚ್‌ಡಿಗೆ ಸೇರಿದರು. ಹಿಡಿದ ಪ್ರಶ್ನೆ ಇದು: ವಿಮೆಯ ಅಂಕಿ ಕಡಿಮೆ ಇದ್ದಾಗಲೂ ಈ ವಿಧಾನ ನಡೆಯುವ ಹಾಗೆ ಮಾಡಬಹುದಾ? ಗುರು-ಶಿಷ್ಯ ಇಬ್ಬರೂ ಸೇರಿ ಒಂದೆರಡು ವರ್ಷದಲ್ಲೇ ಮಾಡಬಹುದು ಅಂತ ತೋರಿಸಿದರು. ಆ ಕೆಲಸವನ್ನ ಬೆಳೆಸಿ ಗುರುಸ್ವಾಮಿ 2001ರಲ್ಲಿ ಪ್ರಬಂಧ ಮುಗಿಸಿದರು. ಜಗತ್ತಿನ ಅತ್ಯುತ್ತಮ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಪ್ರಬಂಧಕ್ಕೆ ಎಸಿಎಂ ಸಂಸ್ಥೆ ಕೊಡುವ 2002ರ ಪ್ರಶಸ್ತಿ ಅದಕ್ಕೇ ಬಂತು. ಅದೇ 2002ರಲ್ಲಿ ಸುಡಾನ್ ಅವರಿಗೆ ನೆವಾನ್ಲಿನ್ನಾ ಪ್ರಶಸ್ತಿ ಸಿಕ್ಕಿತು.

ಅಂಗಡಿಯ ಕ್ಯೂಆರ್ ಓದೋಕೆ ಇಷ್ಟೆಲ್ಲ ಬೇಕಿಲ್ಲ, ಹಳೇ ವಿಧಾನವೇ ಸಾಕು. ಹೊಸ ಮೊಬೈಲ್ ಆ್ಯಪ್ ಬರಲಿಲ್ಲ, ಕಂಪನಿ ಹುಟ್ಟಲಿಲ್ಲ. ನಾಲ್ಕು ವರ್ಷದ ಕೆಲಸದಿಂದ ಜಗತ್ತಿಗೆ ಸಿಕ್ಕಿದ್ದು, ಮೊದಲು ಯಾರಿಗೂ ಗೊತ್ತಿಲ್ಲದ, ಯಾರು ಬೇಕಾದ್ರೂ ಒರೆಗೆ ಹಚ್ಚಿ ನೋಡಬಹುದಾದ ಒಂದು ಸಂಗತಿ. ಪಿಎಚ್‌ಡಿ ಅಂದ್ರೆ ಅಷ್ಟೇ. ಎಲ್ಲರ ಪ್ರಬಂಧವೂ ಪ್ರಶಸ್ತಿ ಗೆಲ್ಲಲ್ಲ, ಬಹುಪಾಲು ಪ್ರಬಂಧಗಳು ಇದಕ್ಕಿಂತ ತುಂಬಾ ಚಿಕ್ಕ ಹೆಜ್ಜೆ ಇಡುತ್ತವೆ. ಹೆಜ್ಜೆ ಚಿಕ್ಕದಾದ್ರೂ ಹೊಸದಾಗಿರಬೇಕು ಅನ್ನೋ ನಿಯಮ ಮಾತ್ರ ಎಲ್ಲರಿಗೂ ಒಂದೇ.

ಇಂಥದ್ದೆಲ್ಲ ಅಮೆರಿಕದಲ್ಲೇ ಆಗೋದು ಅನ್ನಬೇಡಿ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳಬಲ್ಲ ವಿಧಾನವನ್ನ 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಪ್ರೊಫೆಸರ್ ಮಣೀಂದ್ರ ಅಗ್ರವಾಲ್ ಮತ್ತು ಆಗಷ್ಟೇ ಬಿಟೆಕ್ ಮುಗಿಸಿದ್ದ ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಇಬ್ಬರೂ ಅಲ್ಲೇ ಪಿಎಚ್‌ಡಿ ಮುಂದುವರಿಸಿದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧಕರಾದರು.

ಐದು ವರ್ಷ ಹೇಗೆ ಕಳೆಯುತ್ತೆ?

ಬಿಇನಲ್ಲಿ ಪುಸ್ತಕದಲ್ಲಿರೋದನ್ನ ಕಲೀತಾರೆ. ಎಂಟೆಕ್‌ನಲ್ಲಿ ಅದನ್ನೇ ಆಳವಾಗಿ ಕಲಿತು ಒಂದು ಪ್ರಾಜೆಕ್ಟ್ ಮಾಡ್ತಾರೆ. ಪಿಎಚ್‌ಡಿಯಲ್ಲಿ ಪುಸ್ತಕ ಎಲ್ಲಿ ಮುಗಿಯುತ್ತೋ ಅಲ್ಲಿಂದ ಕೆಲಸ ಶುರು. ಅದಕ್ಕೇ ಮೊದಲ ವರ್ಷದಲ್ಲಿ ಮಾತ್ರ ಕ್ಲಾಸು, ಪರೀಕ್ಷೆ ಇರುತ್ತೆ. ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ 12 ಕ್ರೆಡಿಟ್‌ಗಿಂತ ಕಡಿಮೆ ಇರಬಾರದು. ಸಂಶೋಧನೆ ಮಾಡೋದು ಹೇಗೆ, ಕೃತಿಚೌರ್ಯ ಅಂದ್ರೇನು ಅನ್ನೋ ಪಾಠವೂ ಅದರಲ್ಲಿ ಸೇರಿರುತ್ತೆ.

ಆಮೇಲೆ ಗಂಟೆ ಹೊಡೆಯಲ್ಲ, ಟೈಮ್‌ಟೇಬಲ್ ಇಲ್ಲ. ಓದೋದು, ಪ್ರೋಗ್ರಾಂ ಬರೆಯೋದು, ಓಡಿಸೋದು, ಕೆಟ್ಟಿದ್ದು ಯಾಕೆ ಅಂತ ಹುಡುಕೋದು. ಎಂಟು ತಿಂಗಳು ಹಿಡಿದ ದಾರಿ ಮುಂದೆ ಹೋಗಲ್ಲ ಅಂತ ಗೊತ್ತಾಗೋದು ಮಾಮೂಲು. ಇನ್ನೂ ಕೆಟ್ಟದ್ದೆಂದರೆ, ತಾನು ಕಂಡುಕೊಂಡದ್ದನ್ನೇ ಚೀನಾದಲ್ಲೋ ಜರ್ಮನಿಯಲ್ಲೋ ಇನ್ನೊಬ್ಬರು ಹೋದ ತಿಂಗಳೇ ಪ್ರಕಟಿಸಿರೋದು. ಆಗ ಹೊಸದು ಅನ್ನಿಸಿಕೊಳ್ಳಲ್ಲ, ಮತ್ತೆ ಶುರು ಮಾಡಬೇಕು. ಹಬ್ಬಕ್ಕೆ ಊರಿಗೆ ಬಂದ ಮಗ ಮುಖ ಸಪ್ಪೆ ಮಾಡಿಕೊಂಡು ಕೂತಿದ್ರೆ ಕಾರಣ ಇಂಥದ್ದೇನಾದ್ರೂ ಇರಬಹುದು. "ಯಾವಾಗ ಮುಗಿಯುತ್ತೆ?" ಅನ್ನೋ ಪ್ರಶ್ನೆ ಆಗ ಗಾಯದ ಮೇಲೆ ಉಪ್ಪು.

ಕಂಪ್ಯೂಟರ್ ಸೈನ್ಸ್‌ನಲ್ಲಿ ಒಂದು ವಿಶೇಷ ಇದೆ. ಬೇರೆ ವಿಷಯಗಳಲ್ಲಿ ಜರ್ನಲ್‌ಗಳೇ ದೊಡ್ಡವು. ಇಲ್ಲಿ ಸಮ್ಮೇಳನಗಳಿಗೂ ಅಷ್ಟೇ ತೂಕ, ಎಷ್ಟೋ ಸಲ ಜಾಸ್ತಿ. ಲೇಖನ ಕಳಿಸಿದ್ರೆ ಅದೇ ಕ್ಷೇತ್ರದ ಮೂರ್ನಾಲ್ಕು ಜನ ಓದಿ ತಪ್ಪು ಹುಡುಕ್ತಾರೆ. ಹೆಸರಾಂತ ಸಮ್ಮೇಳನಗಳಲ್ಲಿ ಹೆಚ್ಚುಕಮ್ಮಿ ನಾಲ್ಕು ಲೇಖನಕ್ಕೆ ಒಂದು ಮಾತ್ರ ಒಳಗೆ ಹೋಗುತ್ತೆ. ತಿರಸ್ಕಾರವಾದ್ರೆ ತಿದ್ದಿ ಬೇರೆ ಕಡೆ ಕಳಿಸಬೇಕು, ಮತ್ತೆ ಮೂರ್ನಾಲ್ಕು ತಿಂಗಳು ಕಾಯಬೇಕು.

ಕೊನೆಗೆ ಎಲ್ಲ ಸೇರಿಸಿ ಥೀಸಿಸ್ ಬರೀಬೇಕು. ಗೈಡ್ ಬಿಟ್ಟು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಅದನ್ನ ಓದ್ತಾರೆ. ಅವರು ಒಪ್ಪಿದ ಮೇಲೆ ವೈವಾ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದ್ರೆ ಇನ್ನೆರಡು ವರ್ಷ ಸಿಗುತ್ತೆ. ಹೆಣ್ಣುಮಕ್ಕಳಿಗೆ ಮತ್ತು 40%ಗಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷದ ರಿಯಾಯಿತಿ, ಒಟ್ಟು ಹತ್ತು ವರ್ಷದವರೆಗೆ. ಹೆಣ್ಣುಮಕ್ಕಳಿಗೆ ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಕೂಡ ಇದೆ. ಮದುವೆಯಾದ್ರೆ ಪಿಎಚ್‌ಡಿ ಬಿಡಬೇಕಾಗುತ್ತೆ ಅಂತ ಹೆದರುವ ಮನೆಗಳು ಈ ನಿಯಮ ತಿಳಿದಿರಬೇಕು.

ಸೇರೋದು ಹೇಗೆ?

ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಇರಬೇಕು. ಅಥವಾ ನಾಲ್ಕು ವರ್ಷದ ಪದವಿಯಲ್ಲೇ 75% ಇದ್ದರೂ ಸೈ. ಅಂದ್ರೆ ಬಿಇ ಮುಗಿಸಿ ನೇರವಾಗಿ ಸೇರಬಹುದು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಆರ್ಥಿಕವಾಗಿ ಹಿಂದುಳಿದವರು ಮತ್ತು ಅಂಗವಿಕಲರಿಗೆ 5% ವಿನಾಯಿತಿ ಇದೆ. ಗುರುಸ್ವಾಮಿಯವರು ಬಿಟೆಕ್ ಮುಗಿಸಿ ನೇರವಾಗಿ ಸೇರಿದ್ದನ್ನ ನೆನಪಿಡಿ. ಅಮೆರಿಕದಲ್ಲಿ ಇದು ಹಿಂದಿನಿಂದಲೂ ರೂಢಿ.

ಪ್ರವೇಶಕ್ಕೆ ಮುಖ್ಯವಾಗಿ ಎರಡು ಬಾಗಿಲು, ಗೇಟ್ ಮತ್ತು ಯುಜಿಸಿ ನೆಟ್. ಗೇಟ್ ಅಂಕ ಮೂರು ವರ್ಷ ನಡೆಯುತ್ತೆ. ನೆಟ್‌ನಲ್ಲಿ 2024ರ ಜೂನ್ ಪರೀಕ್ಷೆಯಿಂದ ಮೂರು ದರ್ಜೆ ಆಗಿವೆ. ಮೇಲಿನ ದರ್ಜೆಯವರಿಗೆ ಜೆಆರ್‌ಎಫ್, ಅಂದ್ರೆ ತಿಂಗಳ ಫೆಲೋಶಿಪ್ಪೂ ಸಿಗುತ್ತೆ. ಎರಡನೇ ದರ್ಜೆಯವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್‌ಡಿಗೂ ಅರ್ಹರು. ಮೂರನೇ ದರ್ಜೆಯವರು ಪಿಎಚ್‌ಡಿಗೆ ಮಾತ್ರ. ಕೊನೆಯ ಎರಡು ದರ್ಜೆಯವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಅಂತ ಲೆಕ್ಕ, ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತೆ. ನೆಟ್ ಪಾಸ್ ಅಂದ ಕೂಡಲೇ ಸಿಹಿ ಹಂಚುವ ಮೊದಲು ಯಾವ ದರ್ಜೆ ಅಂತ ಕೇಳೋದು ಒಳ್ಳೇದು. ಮೂರಕ್ಕೂ ಮೂರು ಬೇರೆ ಅರ್ಥ.

ಜಾಗ ಎಲ್ಲೆಲ್ಲಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಧಾರವಾಡದ ಐಐಟಿ, ಸುರತ್ಕಲ್‌ನ ಎನ್‌ಐಟಿ, ಬೆಂಗಳೂರಿನ ಐಐಐಟಿ ಒಂದು ಸಾಲು. ಮೈಸೂರು, ಮಂಗಳೂರು, ಕುವೆಂಪು, ಗುಲ್ಬರ್ಗ ವಿವಿಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳು ಇನ್ನೊಂದು. ವಿಟಿಯು ಅಡಿ ಬರುವ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಸಂಶೋಧನಾ ಕೇಂದ್ರಗಳಿವೆ.

ದುಡ್ಡಿನ ಲೆಕ್ಕ

ಅಂಗಡಿಯವರಿಗೆ ಬೇಕಾದ್ದು ಇದೇ. ಜೆಆರ್‌ಎಫ್ ಮೊತ್ತ 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸ ನೋಡಿ 42,000ಕ್ಕೆ ಏರಿಸ್ತಾರೆ. ಅದಕ್ಕೂ ಮುಂಚೆ 31,000 ಮತ್ತು 35,000 ಇತ್ತು. ಐದು ವರ್ಷ ಲೆಕ್ಕ ಹಾಕಿದ್ರೆ ಮೊದಲ 24 ತಿಂಗಳಿಗೆ 8,88,000, ಉಳಿದ 36 ತಿಂಗಳಿಗೆ 15,12,000. ಒಟ್ಟು 24 ಲಕ್ಷ. ಹಾಸ್ಟೆಲ್ ಸಿಗದಿದ್ರೆ ಊರಿನ ಮೇಲೆ ಮನೆ ಬಾಡಿಗೆ ಭತ್ಯೆ ಬೇರೆ. ಐಐಟಿ, ವಿಜ್ಞಾನ ಸಂಸ್ಥೆಗಳಲ್ಲೂ ಸುಮಾರಾಗಿ ಇದೇ ದರ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕವರದ್ದು ಬೇರೆ ಮಟ್ಟ. 2018ರಲ್ಲಿ ಬಂದ ಆ ಯೋಜನೆಯಲ್ಲಿ ತಿಂಗಳಿಗೆ 70,000ದಿಂದ ಶುರುವಾಗಿ 80,000 ತನಕ ಹೋಗುತ್ತೆ. ಆಯ್ಕೆ ಕಠಿಣ.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ಹೋಲಿಸಿದ್ರೆ 24 ಲಕ್ಷ ದೊಡ್ಡದಲ್ಲ. ಜೊತೆಯಲ್ಲಿ ಓದಿದವರು ಕಾರು ತಗೊಂಡಿರುತ್ತಾರೆ, ಸೈಟು ನೋಡ್ತಿರುತ್ತಾರೆ. ಅದನ್ನ ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ಆದ್ರೆ ಫೆಲೋಶಿಪ್ ಇದ್ದ ಮಕ್ಕಳು ಮನೆಗೆ ಭಾರವಲ್ಲ, ಅಪ್ಪ ತಿಂಗಳು ತಿಂಗಳು ದುಡ್ಡು ಕಳಿಸಬೇಕಾಗಿಲ್ಲ ಅನ್ನೋದೂ ಅಷ್ಟೇ ನಿಜ. ಒಂದು ಮಾತು: ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುತ್ತೆ ಅನ್ನೋದು ದೇಶದ ಸಂಶೋಧನಾ ವಿದ್ಯಾರ್ಥಿಗಳ ಹಳೇ ದೂರು. ಬ್ಯಾಂಕಿನಲ್ಲಿ ಮೂರ್ನಾಲ್ಕು ತಿಂಗಳ ಖರ್ಚು ಇಟ್ಟುಕೊಂಡೇ ಸೇರಬೇಕು.

ನಿಜವಾದ ಅಪಾಯ ಇರೋದು ಫೆಲೋಶಿಪ್ ಇಲ್ಲದೆ ಸೇರುವವರಿಗೆ. ಅಲ್ಲಿ ತಿಂಗಳ ಹಣ ಇಲ್ಲ, ಮೇಲಿಂದ ಪ್ರತಿವರ್ಷ ಫೀಸು ಕಟ್ಟಬೇಕು, ಆರು ವರ್ಷ ಎಳೆದ್ರೆ ಆರು ಸಲ. ಈ ಲೆಕ್ಕ ಸೇರೋಕೆ ಮುಂಚೆ ಆಗಬೇಕು.

ಮೇಷ್ಟ್ರುಗಳ ಪಿಎಚ್‌ಡಿ

ಜಿಲ್ಲೆಯ ಕಾಲೇಜುಗಳಲ್ಲಿ ಕೆಲಸ ಮಾಡ್ತಾನೇ ಪಿಎಚ್‌ಡಿ ಮಾಡ್ತಿರೋ ಉಪನ್ಯಾಸಕರು ಬೇಕಾದಷ್ಟು ಜನ ಇದ್ದಾರೆ. ಕಾರಣ ಸರಳ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಟೆಕ್ ಇದ್ರೆ ಸಹಾಯಕ ಪ್ರಾಧ್ಯಾಪಕ ಆಗಬಹುದು, ಅದರ ಮೇಲಿನ ಹುದ್ದೆಗೆ ಎಐಸಿಟಿಇ ನಿಯಮದಂತೆ ಪಿಎಚ್‌ಡಿ ಬೇಕೇ ಬೇಕು. ಪದವಿ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈ 1ರಿಂದ ನೆಟ್ ಅಥವಾ ಕೆಸೆಟ್ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಇದು ಗೊತ್ತಿಲ್ಲದೆ ಬರೀ ಆ ಕೆಲಸಕ್ಕಾಗಿ ಪಿಎಚ್‌ಡಿಗೆ ಹೊರಟವರೂ ಇದ್ದಾರೆ.

ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಇದೆ. ಕೆಲಸ ಮಾಡೋ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಪಿಎಚ್‌ಡಿ ಅನ್ನೋದು ಮಾತ್ರ ಇಲ್ಲವೇ ಇಲ್ಲ. ಯಾರಾದ್ರೂ ಕೊಡಿಸ್ತೀವಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಹಗಲು ಪಾಠ, ಸಂಜೆ ಉತ್ತರಪತ್ರಿಕೆ, ರಾತ್ರಿ ಸಂಶೋಧನೆ. ಪ್ರಾಮಾಣಿಕವಾಗಿ ಮಾಡಿ ಮುಗಿಸಿದ ಇಂಥ ಮೇಷ್ಟ್ರಿಗೆ ಊರು ಕೊಡೋ ಗೌರವ ಸಾಲದು.

ಮೂರು ದಿನಕ್ಕೆ ಲೇಖನ, ಆರು ತಿಂಗಳಿಗೆ ಪದವಿ?

ಈ ಒತ್ತಡದ ಮೇಲೆ ಒಂದು ವ್ಯಾಪಾರವೇ ಬೆಳೆದಿದೆ. "ಮೂರು ದಿನದಲ್ಲಿ ಅಂತಾರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಕಟಿಸ್ತೀವಿ" ಅನ್ನೋ ಇಮೇಲ್, "ಥೀಸಿಸ್ ಬರೆದುಕೊಡಲಾಗುವುದು" ಅನ್ನೋ ವಾಟ್ಸ್‌ಆ್ಯಪ್ ಜಾಹೀರಾತು. ನಾಲ್ಕು ಜನ ಓದಿ ತಪ್ಪು ಹುಡುಕೋಕೆ ತಿಂಗಳುಗಳು ಬೇಕು ಅಂತ ಮೇಲೆ ಹೇಳಿದೆ. ಮೂರು ದಿನದಲ್ಲಿ ಆಗುತ್ತೆ ಅಂದ್ರೆ ಯಾರೂ ಓದಿಲ್ಲ ಅಂತಲೇ ಅರ್ಥ. ಪಿಎಚ್‌ಡಿಗೆ ಜರ್ನಲ್ ಲೇಖನ ಕಡ್ಡಾಯ ಅನ್ನೋ ಹಳೇ ನಿಯಮವನ್ನ ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಕೆಲವು ವಿವಿಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಸೇರೋ ಕಡೆ ಕೇಳಿಕೊಳ್ಳಬೇಕು. ಒಳ್ಳೇ ಜರ್ನಲ್ ಯಾವುದು ಅಂತ ಹೇಳುತ್ತಿದ್ದ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಆ ಪಟ್ಟಿಯ ಹೆಸರು ಹೇಳಿ ಈಗಲೂ ದುಡ್ಡು ಕೇಳುವವರನ್ನ ನಂಬಬೇಡಿ.

ನಕಲಿಗೆ ಶಿಕ್ಷೆಯೂ ಇದೆ. ಯುಜಿಸಿಯ 2018ರ ನಿಯಮದಂತೆ ಥೀಸಿಸ್‌ನಲ್ಲಿ ಬೇರೆಯವರ ಬರಹದ ಹೋಲಿಕೆ 10% ತನಕ ಇದ್ರೆ ತೊಂದರೆ ಇಲ್ಲ. 10ರಿಂದ 40% ಇದ್ರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60% ಇದ್ರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದ್ರೆ ನೋಂದಣಿಯೇ ರದ್ದು. ಪದವಿ ಬಂದ ಮೇಲೆ ಸಿಕ್ಕಿಬಿದ್ರೂ ಬಿಡಲ್ಲ. ವಿವಿಗಳ ಮೇಲೂ ಕ್ರಮ ಆಗಿದೆ. ಪಿಎಚ್‌ಡಿ ನಿಯಮ ಪಾಲಿಸಿಲ್ಲ ಅಂತ ರಾಜಸ್ಥಾನದ ಮೂರು ಖಾಸಗಿ ವಿವಿಗಳಿಗೆ ಐದು ವರ್ಷ ಹೊಸ ಪಿಎಚ್‌ಡಿ ವಿದ್ಯಾರ್ಥಿಗಳನ್ನ ತಗೊಳ್ಳದಂತೆ 2025ರ ಜನವರಿಯಲ್ಲಿ ಯುಜಿಸಿ ತಡೆ ಹಾಕಿತು. ಏಜೆಂಟರ ಮಾತು ಕೇಳಿ ಹೊರ ರಾಜ್ಯದ ಯಾವುದೋ ವಿವಿಗೆ ಲಕ್ಷಗಟ್ಟಲೆ ಕಟ್ಟುವ ಮುಂಚೆ ಯುಜಿಸಿ ವೆಬ್‌ಸೈಟ್ ನೋಡೋಕೆ ಹತ್ತು ನಿಮಿಷ ಸಾಕು.

ಮುಗಿದ ಮೇಲೆ?

ಮಾಮೂಲಿ ಸಾಫ್ಟ್‌ವೇರ್ ಕಂಪನಿಗೆ ಪಿಎಚ್‌ಡಿ ಬೇಕಾಗಿಲ್ಲ, ಅದಕ್ಕಾಗಿ ಐದು ವರ್ಷ ಕಳೆಯೋದು ದಂಡ. ಬೇಕಾಗಿರೋದು ವಿವಿಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಡಿಆರ್‌ಡಿಒ ಥರದ ಸರ್ಕಾರಿ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲಿರುವ ಮೈಕ್ರೋಸಾಫ್ಟ್, ಗೂಗಲ್, ಐಬಿಎಂ ಸಂಶೋಧನಾ ಕೇಂದ್ರಗಳಲ್ಲಿ. ಹುದ್ದೆಗಳು ಕಡಿಮೆ, ಬರುವವರು ಜಾಸ್ತಿ. ಎಐ ಅಬ್ಬರದಿಂದ ಬೇಡಿಕೆ ಏರಿದೆ ನಿಜ, ಆದ್ರೆ ಆ ಅಬ್ಬರ ನೋಡಿ ಎಲ್ಲರೂ ಒಂದೇ ವಿಷಯಕ್ಕೆ ನುಗ್ಗಿದ್ರೆ "ಇನ್ನೊಬ್ಬರು ಹೋದ ತಿಂಗಳೇ ಮಾಡಿದ್ದಾರೆ" ಅನ್ನೋ ಸಂಕಟವೂ ಅಷ್ಟೇ ಜಾಸ್ತಿ.

ಹತ್ತಿರದಲ್ಲೇ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಮುದ್ರಿತ ಕನ್ನಡ ಪುಟವನ್ನ ಕಂಪ್ಯೂಟರ್ ಓದುವ ಹಾಗೆ ಮಾಡೋಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ವರ್ಷಗಟ್ಟಲೆ ದುಡಿದಿದೆ. ಒತ್ತಕ್ಷರ, ದೀರ್ಘ, ಮಾಸಿದ ಮುದ್ರಣ ಒಂದೊಂದೂ ಒಂದೊಂದು ಸಮಸ್ಯೆ. ಕೈಬರಹ ಇನ್ನೂ ಕಷ್ಟ. ತಾಲೂಕು ಕಚೇರಿಯ ಹಳೇ ಕೈಬರಹದ ಪಹಣಿ, ಅಜ್ಜನ ಕಾಲದ ಅಂಗಡಿ ಖಾತೆ ಪುಸ್ತಕ ಓದಬಲ್ಲ ಯಂತ್ರ, ಬಯಲುಸೀಮೆ ಮತ್ತು ಕರಾವಳಿ ಕನ್ನಡ ಎರಡನ್ನೂ ತಪ್ಪಿಲ್ಲದೆ ಕೇಳಿಸಿಕೊಳ್ಳುವ ಮೊಬೈಲ್. ಇಂಥ ವಿಷಯದಲ್ಲಿ ಈ ಊರಿನ ಹುಡುಗಿಗೆ ಅಮೆರಿಕದವರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಗೊತ್ತಿರುತ್ತೆ.

ಸೇರೋ ಮುಂಚೆ ಗೈಡ್ ಬಗ್ಗೆ ವಿಚಾರಿಸಿ

ಎಲ್ಲಕ್ಕಿಂತ ಮುಖ್ಯ ಗೈಡ್. ಸುಡಾನ್ ಅವರ ಬಳಿ ಪ್ರಶ್ನೆ ಬಿಸಿಯಾಗಿದ್ದಾಗಲೇ ಗುರುಸ್ವಾಮಿ ಸೇರಿದ್ದು ಅರ್ಧ ಗೆಲುವು. ನಿಯಮದ ಪ್ರಕಾರ ಪ್ರೊಫೆಸರ್ ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗೆ ಮಾತ್ರ ಗೈಡ್ ಆಗಬಹುದು. ಹೆಣ್ಣು ನೋಡೋಕೆ, ಗಂಡು ನೋಡೋಕೆ ಹೋದಾಗ ಮನೆತನ ವಿಚಾರಿಸ್ತೀವಲ್ಲ, ಇಲ್ಲೂ ಅಷ್ಟೇ ವಿಚಾರಿಸಬೇಕು. ಅವರ ಹಳೇ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಅರ್ಧಕ್ಕೆ ಬಿಟ್ಟವರೆಷ್ಟು, ಈಗ ಎಲ್ಲಿದ್ದಾರೆ, ಮನೆಗೆಲಸ ಮಾಡಿಸ್ತಾರಾ ಅಂತ ಅವರ ವಿದ್ಯಾರ್ಥಿಗಳನ್ನೇ ಕ್ಯಾಂಟೀನಿನಲ್ಲಿ ಕೂರಿಸಿ ಕೇಳಬೇಕು.

ಇದಕ್ಕೆ ಮೊಬೈಲೂ ಸಹಾಯ ಮಾಡುತ್ತೆ. ದೇಶದ ವಿವಿಗಳು ಪಿಎಚ್‌ಡಿ ಪ್ರಬಂಧಗಳನ್ನ ಶೋಧಗಂಗಾ ಎಂಬ ಜಾಲತಾಣಕ್ಕೆ ಹಾಕಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನ ನಡೆಸುತ್ತೆ, ಓದೋಕೆ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅಲ್ಲಿ ಗೈಡ್ ಹೆಸರು ಹಾಕಿ ಹುಡುಕಿದ್ರೆ ಅವರ ಕೈಕೆಳಗೆ ಯಾರ‍್ಯಾರು ಏನು ಮಾಡಿದ್ದಾರೆ ಅಂತ ಕಾಣುತ್ತೆ. ಒಂದೇ ಥರದ ಹತ್ತು ಪ್ರಬಂಧ ಇದೆಯಾ, ಊರ ಹೆಸರು ಮಾತ್ರ ಬದಲಾಗಿದೆಯಾ ಅಂತ ನೋಡೋಕೆ ಕಂಪ್ಯೂಟರ್ ಸೈನ್ಸ್ ಓದಿರಬೇಕಾಗಿಲ್ಲ.